ಇಪ್ಪತ್ತಮೂರನೆಯ ಚೀಟಿ

ಚಳಿಗಾಲಕ್ಕೆ ಮುಂಚಿನ ಆಬಾನ್ ತಿಂಗಳ ಮೊದಲ ಮಳೆ ಹತ್ತು ನಿಮಿಷ ಬಿತ್ತು, ಅಷ್ಟೆ. ಏಳು ತಿಂಗಳಿಂದ ನಮ್ಮ ಅಹ್ವಾಜ್ ನಗರದ ಮೇಲೆ ಒಂದು ಹನಿ ಉದುರಿರಲಿಲ್ಲ. ಬೇರೆ ಊರಿನವರಾಗಿದ್ದರೆ ಬೀದಿಗಿಳಿದು ಮುಖ ಒಡ್ಡುತ್ತಿದ್ದರೇನೋ. ನಮ್ಮಲ್ಲಿ ಮೊದಲ ಮಳೆಗೆ ಜನ ಕಿಟಕಿ ಹಾಕಿಕೊಳ್ಳುತ್ತಾರೆ. ಆ ಮಳೆ ಗಾಳಿಯಿಂದ ಏನನ್ನೋ ಕೆಳಗಿಳಿಸುತ್ತದೆ. ರಸ್ತೆಬದಿಯ ಮರಗಳ ಹೂವಿನ ಪುಡಿ ಎಂದು ಕೆಲವರು, ತೈಲಬಾವಿಯ ಹೊಗೆ ಎಂದು ಕೆಲವರು, ಬತ್ತಿದ ಜೌಗಿನ ಧೂಳು ಎಂದು ಮತ್ತೆ ಕೆಲವರು. ನನಗೆ ಗೊತ್ತಿರುವುದು ಇಷ್ಟೆ: ಮಳೆ ನಿಂತ ಒಂದು ಗಂಟೆಗೆಲ್ಲ ಜನ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬರಲು ಶುರುಮಾಡುತ್ತಾರೆ.

ನಾನು ಆ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಉರುಳಿಸುವವನು. ಹೆಸರು ಯಾದೊಲ್ಲಾ. ನರ್ಸುಗಳು ಅಮೂ ಎನ್ನುತ್ತಾರೆ, ಚಿಕ್ಕಪ್ಪ ಎಂದಂತೆ. ನೆರೆದೇಶದ ಜೊತೆಗಿನ ಯುದ್ಧದ ಎರಡನೆಯ ವರ್ಷ ಗಾಯಾಳುಗಳನ್ನು ಹೊರಲು ಸೇರಿದವನು, ಮತ್ತೆ ಹೊರಗೆ ಹೋಗಲಿಲ್ಲ.

ನನ್ನ ಹೆಂಡತಿ ಖಾವರಳಿಗೆ ಮೂವತ್ತು ವರ್ಷದಿಂದ ಉಬ್ಬಸ. ಆ ದಿನ ಬೆಳಿಗ್ಗೆ ಆಕಾಶದ ಬಣ್ಣ ನೋಡಿಯೇ ನಾನು ಅವಳಿಗೆ ಹೇಳಿ ಬಂದಿದ್ದೆ.

"ಕಿಟಕಿ ತೆಗೀಬೇಡ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡು. ಸ್ಪ್ರೇ ಎಲ್ಲಿದೆ?"

"ಇದೆ ಬಿಡಿ. ನೀವು ಹೋಗಿ, ಊರಿನವರಿಗೆ ಗಾಳಿ ಹಂಚಿ. ನನ್ನ ಪಾಲು ಮನೇಲಿದೆ."

ನಗುತ್ತ ಹೇಳಿದಳು. ಸ್ಪ್ರೇ ಅಲ್ಲಾಡಿಸಿ ನೋಡದೆ ಹೊರಟೆ. ಅದು ಖಾಲಿಯಾಗಿ ಎರಡು ದಿನವಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಬೀದಿಕೊನೆಯ ಔಷಧಿ ಅಂಗಡಿಯವನು ಎರಡು ಡಬ್ಬಿ ಮಾತ್ರ ಉಳಿದಿವೆ ಎಂದಾಗ, ಹಿಂದೆ ನಿಂತಿದ್ದ ಯಾರಿಗೋ ಎರಡನ್ನೂ ಬಿಟ್ಟುಕೊಟ್ಟು ಬಂದಿದ್ದಳಂತೆ.

ಮಳೆ ಬಿದ್ದದ್ದು ಮಧ್ಯಾಹ್ನ ಮೂರಕ್ಕೆ. ನಾಲ್ಕೂವರೆಗೆ ತುರ್ತು ವಿಭಾಗದ ದೊಡ್ಡ ಕೋಣೆ ತುಂಬಿತು. ಐದಕ್ಕೆ ಹೊರಗಿನ ಮೆಟ್ಟಿಲೂ ತುಂಬಿತು. ಬಂದವರಿಗೆಲ್ಲ ಬಾಗಿಲಲ್ಲಿ ಒಬ್ಬ ಗುಮಾಸ್ತ ಹೆಸರು ಬರೆದುಕೊಂಡು ನಂಬರಿನ ಚೀಟಿ ಕೊಡುತ್ತಿದ್ದ. ಪಕ್ಕದಲ್ಲಿ ಒಬ್ಬಳು ಹೊಸ ನರ್ಸು "ಹೇಗಿದೀರಿ?" ಎಂದು ಕೇಳಿ ಮುಖ ನೋಡಿ ಒಳಗೆ ಬಿಡುತ್ತಿದ್ದಳು. ಬೆರಳಿಗೆ ಸಿಕ್ಕಿಸಿ ಉಸಿರಿನ ಮಟ್ಟ ನೋಡುವ ಯಂತ್ರ ಎರಡೇ ಇದ್ದವು. ಎರಡೂ ಒಳಗೆ ಹಾಸಿಗೆಗಳ ಹತ್ತಿರ ಓಡಾಡುತ್ತಿದ್ದವು.

ನಾನು ಮನೆಗೆ ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಎರಡು ಸಿಲಿಂಡರ್ ಬದಲಿಸಿ ಬಂದು ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಮಾಡುವಾಗ ಹಿರಿಯ ನರ್ಸು ಫರಂಗೀಸ್ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಅಮೂ, ಮಾತಾಡೋ ಹೊತ್ತಾ ಇದು? ಏಳನೇ ಹಾಸಿಗೆಯಲ್ಲಿ ಸಿಲಿಂಡರ್ ಮುಗಿದು ಸೀಟಿ ಹೊಡೀತಿದೆ!"

"ಮನೇಲಿ ಫೋನು ಎತ್ತುತಿಲ್ಲ."

ಅವಳ ಕೈ ಅಲ್ಲೇ ನಿಂತಿತು. ಖಾವರಳ ಕಾಯಿಲೆ ಅವಳಿಗೆ ಗೊತ್ತು. ಖಾವರಳ ಮುಖ ನೋಡಿದವಳಲ್ಲ.

"ಹೊರಟಿರಬಹುದು. ಇಲ್ಲಿಗೇ ಬಂದಿರಬಹುದು. ಗುಮಾಸ್ತನನ್ನ ಕೇಳು. ಆದರೆ ಮೊದಲು ಏಳನೇ ಹಾಸಿಗೆ."

ಏಳನೆಯ ಹಾಸಿಗೆ ಮುಗಿಸಿ ಬಾಗಿಲಿಗೆ ಹೋದೆ. ಗುಮಾಸ್ತ ಪುಸ್ತಕದಲ್ಲಿ ಬೆರಳು ಓಡಿಸಿದ. ಓದುವುದು ನನಗೆ ನಿಧಾನ. ಅವನ ಬೆರಳು ನಿಂತಲ್ಲಿ ನನ್ನ ಕಣ್ಣೂ ನಿಂತಿತು.

"ಖಾವರ್, ಐವತ್ತೆಂಟು ವರ್ಷ. ಇದೆಯಲ್ಲ, ಇಪ್ಪತ್ತಮೂರನೇ ನಂಬರು. ಆಗಲೇ ಕರೆದಾಯ್ತು ಅಮೂ, ಒಳಗೆ ಹಾಸಿಗೆ ಸಿಕ್ಕಿರುತ್ತೆ. ಈಗ ಎಪ್ಪತ್ತೆರಡು ನಡೀತಿದೆ."

ಹಾಸಿಗೆ ಸಿಕ್ಕಿದೆ, ಇನ್ನೇನು ಎಂದುಕೊಂಡೆ. ನನ್ನನ್ನು ಕರೆಸಲಿಲ್ಲವಲ್ಲ ಎಂದು ಆಶ್ಚರ್ಯವೇನೂ ಆಗಲಿಲ್ಲ. ಗಂಡ ಇಲ್ಲಿ ಕೆಲಸ ಮಾಡುತ್ತಾನೆ ಎಂದು ಹೇಳಿ ಮುಂದೆ ನುಗ್ಗುವುದು ಅವಳಿಗೆ ಸಾಯುವಷ್ಟು ನಾಚಿಕೆ.

ಇಪ್ಪತ್ತಮೂರನೆಯ ಚೀಟಿ ಕಟ್ಟಿದ್ದ ಹಾಸಿಗೆಯಲ್ಲಿ ದಪ್ಪಗಿನ ಹೆಂಗಸೊಬ್ಬಳು ಕೂತಿದ್ದಳು. ಮುಖಕ್ಕೆ ಮಾಸ್ಕು. ಮಾಸ್ಕಿನೊಳಗಿಂದಲೇ ಪಕ್ಕದ ಹಾಸಿಗೆಯವರ ಹತ್ತಿರ ಮಾತಾಡುತ್ತಿದ್ದಳು.

"ನಾನು ಹೇಳ್ತೀನಿ ಕೇಳಿ ಖಾನಂ, ಮನೇಲಿ ಬಿದ್ದಿದ್ದರೆ ಸತ್ತೇಹೋಗ್ತಿದ್ದೆ, ನನ್ನ ಸೊಸೆಗೆ ಅದೇ ಬೇಕಾಗಿತ್ತು, ಟ್ಯಾಕ್ಸಿ ಕರೆಯೇ ಅಂದರೆ ಮೊದಲು ಕೂದಲು ಬಾಚ್ಕೊಂಡಳು ಆ ಹುಡುಗಿ!"

"ಇಪ್ಪತ್ತಮೂರು ನಿಮ್ಮದಾ?" ಎಂದೆ.

"ನಂದೇ ಈಗ. ಒಬ್ಬ ಪುಣ್ಯಾತ್ಗಿತ್ತಿ ಕೊಟ್ಟಳು. ನಾನು ಕೂಗಾಡ್ತಿದ್ದೆ ನೋಡಿ, ಭಯ ಆಗಿತ್ತು. ಅವಳು ನನ್ನ ಕೈ ಹಿಡಿದು, ಇದನ್ನ ತಗೊಳ್ಳಿ, ನಿಮ್ಮದು ನನಗೆ ಕೊಡಿ, ನನಗೇನೂ ಅವಸರವಿಲ್ಲ ಅಂದಳು. ನಾನು ಮೂರು ಸಲ ಬೇಡ ಅಂದೆ. ಈ ಶೌಕತ್ ಮರ್ಯಾದೆ ಬಿಟ್ಟವಳಲ್ಲ. ಅವಳು ನಾಲ್ಕನೇ ಸಲ ಹೇಳಿದಳು. ಇನ್ನೇನು ಮಾಡಲಿ?"

ನಮ್ಮ ಜನರ ತಾರೊಫ್ ಅದು. ಬಾಗಿಲಲ್ಲಿ, ಊಟದ ಹಾಸಿನಲ್ಲಿ, ಟ್ಯಾಕ್ಸಿಯಲ್ಲಿ, ಮೊದಲು ನೀವು ಎನ್ನಬೇಕು; ಎದುರಿನವರು ಬೇಡ ಎನ್ನಬೇಕು; ಮತ್ತೆ ಎನ್ನಬೇಕು. ಒಳ್ಳೆಯ ಮನೆಯ ಹೆಣ್ಣುಮಗಳು ಅದರಲ್ಲಿ ಸೋಲುವುದಿಲ್ಲ. ಖಾವರ್ ಒಮ್ಮೆಯೂ ಸೋತದ್ದನ್ನು ನಾನು ನೋಡಿಲ್ಲ.

"ನಿಮ್ಮದು ಎಷ್ಟನೇ ನಂಬರಿತ್ತು?"

"ಅರವತ್ತೊಂದು."

ಅರವತ್ತೊಂದೂ ಆಗಿಹೋಗಿತ್ತು. ಗೋಡೆಯ ಕೊನೆಯಲ್ಲಿ ಒಂದು ಕುರ್ಚಿಗೆ ಆ ಚೀಟಿ ಅಂಟಿಸಿದ್ದರು. ಕುರ್ಚಿಯಲ್ಲಿ ಒಬ್ಬ ಅರಬ್ ಮನುಷ್ಯ, ಮಡಿಲಲ್ಲಿ ಆರು ವರ್ಷದ ಹೆಣ್ಣುಮಗು. ಮಗುವಿನ ಪಕ್ಕೆಲುಬುಗಳ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಸೆಳೆದು ಬಿಡುತ್ತಿತ್ತು. ತುಟಿ ಆಗತಾನೆ ನೀಲಿಯಿಂದ ಕೆಂಪಿಗೆ ತಿರುಗುತ್ತಿತ್ತು. ಅವನ ಹೆಸರು ಚಾಸಿಬ್. ನಾನು ಕೇಳುವ ಮೊದಲೇ ಅವನಿಗೆ ಅರ್ಥವಾಯಿತು.

"ಆ ತಾಯಿ ನಿಮ್ಮವರಾ ಹಾಜಿ? ಅವರೇ ಬಂದು ಚೀಟಿ ನನ್ನ ಕೈಗೆ ತುರುಕಿದರು. ಮಾತಾಡಲಿಲ್ಲ. ನಗ್ತಿದ್ದರು. ಮಗೂನ ತೋರಿಸಿ ಹೋಗು ಹೋಗು ಅಂತ ಕೈ ಮಾಡಿದರು."

"ಮಾತಾಡಲಿಲ್ಲವಾ?"

"ಒಂದಕ್ಷರ ಇಲ್ಲ."

ಶೌಕತಳ ಹತ್ತಿರ ಇಷ್ಟುದ್ದ ಮಾತಾಡಿದವಳು, ಇವನ ಹತ್ತಿರ ಒಂದಕ್ಷರ ಆಡಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಮಾತು ಎಲ್ಲಿಗೆ ಹೋಯಿತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿನ್ನ ಚೀಟಿ ಎಷ್ಟನೇದು?"

"ನೂರ ಹದಿನೆಂಟು." ಅವನ ಕಣ್ಣು ತುಂಬಿತು. "ನನ್ನನ್ನ ಬಯ್ಯಿರಿ ಹಾಜಿ. ನಾನು ಒಂದೇ ಸಲ ಬೇಡ ಅಂದೆ. ಮಗು ಕಣ್ಣು ಮೇಲೆ ಮಾಡಿತ್ತು."

ಮೈಕಿನಲ್ಲಿ ಎಪ್ಪತ್ತೈದು ಎಂದು ಕೂಗಿದರು.

ದೊಡ್ಡ ಕೋಣೆಗೆ ಓಡಿದೆ. ನಾನೂರು ಜನವಿದ್ದರೇನೋ. ಅರ್ಧಕ್ಕಿಂತ ಹೆಚ್ಚು ಹೆಂಗಸರು, ಎಲ್ಲರೂ ಕಪ್ಪು ಚಾದರ ಹೊದ್ದವರು. ಕೆಮ್ಮು, ಅಳು, ಬೈಗುಳ. ಉಸಿರಿಲ್ಲದವರ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಬೀಳುತ್ತದೆ, ನಾವು ಮೊದಲು ಅದನ್ನೇ ನೋಡುವುದು. ಚಾದರದೊಳಗೆ ಯಾರ ಕತ್ತು ಕಾಣುತ್ತದೆ? ಬಾಗಿಲಲ್ಲಿ ಆ ಹೊಸ ನರ್ಸು ಹೇಗಿದೀರಿ ಎಂದು ಕೇಳಿದಾಗ ಖಾವರ್ ಏನು ಹೇಳಿರುತ್ತಾಳೆ ಎಂಬುದೂ ನನಗೆ ಗೊತ್ತಿತ್ತು. ದೇವರ ದಯೆ, ಚೆನ್ನಾಗಿದೀನಿ, ನಿಮ್ಮ ಕೈ ನೋಯದಿರಲಿ.

"ಸಿಯಾವುಶನ ತಾಯೀ!" ಎಂದು ಕೂಗಿದೆ. ಮಗನ ಹೆಸರು ಹಿಡಿದು ಕರೆಯುವುದು ನಮ್ಮ ರೂಢಿ. ಯಾರೂ ತಿರುಗಲಿಲ್ಲ. "ಖಾವರ್!" ಎಂದೆ, ಪರಜನರ ಮುಂದೆ ಮೊದಲ ಬಾರಿಗೆ. ಒಬ್ಬ ಗಂಡಸು ಗೇಲಿ ಮಾಡಿದ. "ಮುದುಕ ಹೆಂಡತಿ ಕಳಕೊಂಡಿದಾನೆ ನೋಡ್ರೋ. ನಾನಾಗಿದ್ದರೆ ಸುಮ್ಮನಿರ್ತಿದ್ದೆ." ಎರಡು ಮೂರು ಜನ ಕೆಮ್ಮುತ್ತ ನಕ್ಕರು. ದನಿ ಇಲ್ಲದವಳು ಓ ಎನ್ನುವುದು ಹೇಗೆ? ಹೆಸರು ಕೂಗಿ ಅವಳನ್ನು ಹುಡುಕುವುದು ಮೂರ್ಖತನ.

ಆಗ ಸತ್ತಾರ್ ನೆನಪಾದ.

ಯುದ್ಧದ ಕಾಲದಲ್ಲಿ ನಮಗೆ ಸತ್ತಾರ್ ಎಂಬ ಗಡ್ಡದ ನರ್ಸು ಇದ್ದ. ವಿಷದ ಗಾಳಿ ಕುಡಿದ ಹುಡುಗರನ್ನು ಲಾರಿಗಳಲ್ಲಿ ತಂದು ಸುರಿಯುತ್ತಿದ್ದರು. ಯಾರನ್ನು ಮೊದಲು ಇಳಿಸುವುದು? ಸತ್ತಾರ್ ಲಾರಿಯ ಹಿಂದಿನ ಹಲಗೆ ಹತ್ತಿ ನಿಂತು, ಎಲ್ಲರೂ ಸಲವಾತ್ ಹೇಳಿ ಎಂದು ಗರ್ಜಿಸುತ್ತಿದ್ದ. ಪ್ರವಾದಿಯವರಿಗೆ ಕಳಿಸುವ ಆ ಒಂದು ಸಾಲು ನಮ್ಮವರ ಬಾಯಿಗೆ ತಾನಾಗಿಯೇ ಬರುತ್ತದೆ. ಬಸ್ಸು ಹೊರಟರೂ ಬರುತ್ತದೆ, ಹೆಣ ಎತ್ತಿದರೂ ಬರುತ್ತದೆ. "ಕೊನೆತನಕ ಹೇಳಿದವನು ಕಾಯಲಿ ಯಾದೊಲ್ಲಾ," ಎನ್ನುತ್ತಿದ್ದ ಅವನು. "ಅರ್ಧಕ್ಕೆ ನಿಲ್ಲಿಸಿದವನನ್ನ ಆಮೇಲೆ ಇಳಿಸು. ತುಟಿ ಅಲ್ಲಾಡಿ ದನಿ ಬರದವನ ಹತ್ತಿರ ಓಡು. ಕೂಗಾಡೋನನ್ನ ನೋಡಲೇಬೇಡ, ಕೂಗೋಕೆ ಅವನ ಹತ್ತಿರ ಉಸಿರಿದೆ."

ನಾನು ಜನರ ನಡುವೆ ದನಿ ಎತ್ತಿದವನಲ್ಲ. ಒಳಗೆ ಉಳಿದಿದ್ದ ಒಂದೇ ಒಂದು ತುಂಬಿದ ಸಿಲಿಂಡರನ್ನು ಗಾಡಿಯಲ್ಲಿ ತಂದು ಪಕ್ಕಕ್ಕಿಟ್ಟು, ಕುರ್ಚಿ ಹತ್ತಿದೆ.

"ಮೊಹಮ್ಮದರಿಗೂ ಅವರ ಮನೆತನಕ್ಕೂ ಗಟ್ಟಿಯಾಗಿ ಸಲವಾತ್!"

ಕೋಣೆ ಒಂದೇ ಸಲ ಎದ್ದಿತು. ಬಯ್ಯುತ್ತಿದ್ದವನೂ ಹೇಳಿದ, ಗೇಲಿ ಮಾಡಿದವನೂ ಹೇಳಿದ. ಮೊದಲ ಸಲ ನನಗೆ ಗದ್ದಲ ಬಿಟ್ಟು ಏನೂ ಕಾಣಲಿಲ್ಲ.

"ಇನ್ನೊಮ್ಮೆ, ಇದಕ್ಕಿಂತ ಗಟ್ಟಿಯಾಗಿ!"

ಈ ಸಲ ಕಿವಿ ಮುಚ್ಚಿದಂತೆ ಮಾಡಿಕೊಂಡು ಕಣ್ಣಿನಿಂದ ಮಾತ್ರ ನೋಡಿದೆ. ಬಾಯಿಗಳು, ಬಾಯಿಗಳು. ಕಂಬಕ್ಕೆ ಒರಗಿ ನೆಲದಲ್ಲಿ ಕೂತಿದ್ದ ಒಬ್ಬ ಲಾರಿ ಚಾಲಕ. ಮಲಗಿದ್ದಾನೆ ಎಂದು ಎಲ್ಲರೂ ದಾಟಿ ಹೋಗುತ್ತಿದ್ದರು. ಅವನ ತುಟಿ ಎರಡು ಸಲ ತೆರೆದು ಮುಚ್ಚಿತು. ದನಿ ಬರಲಿಲ್ಲ. ತುಟಿ ಮಸಿಯ ಬಣ್ಣ.

ಖಾವರ್ ಕಾಣಲಿಲ್ಲ. ಚಾಲಕ ಕಂಡ. ಸಿಲಿಂಡರ್ ಒಂದೇ.

ಎಷ್ಟು ಹೊತ್ತು ಕುರ್ಚಿಯ ಮೇಲೆ ನಿಂತಿದ್ದೆನೋ. ಬಹಳವಲ್ಲ; ಆದರೆ ನಿಂತೆ, ಅದು ನಿಜ. ಇಳಿದು ಮಾಸ್ಕನ್ನು ಅವನ ಮುಖಕ್ಕೆ ಕಟ್ಟಿದೆ, ಫರಂಗೀಸಳನ್ನು ಕೂಗಿದೆ. ಅವಳು ಬಂದು ಅವನ ರೆಪ್ಪೆ ಎತ್ತಿ ನೋಡಿ, "ಅಯ್ಯೋ ದೇವರೇ, ಇವನನ್ನ ಯಾರೂ ನೋಡಿಲ್ಲವಾ!" ಎಂದು ನಾಲ್ಕು ಜನರಿಂದ ಎತ್ತಿಸಿಕೊಂಡು ಹೋದಳು. ಸಿಲಿಂಡರೂ ಅವನ ಜೊತೆ ಹೋಯಿತು.

ನಾನು ಮತ್ತೆ ಕುರ್ಚಿ ಹತ್ತಿದೆ.

"ಮೂರನೇ ಸಲವಾತ್! ನಿಮ್ಮ ನಿಮ್ಮ ರೋಗಿಗಳು ಗುಣವಾಗಲಿ ಅಂತ!"

ನೀರಿನ ಯಂತ್ರದ ಹಿಂದೆ, ಗೋಡೆ ಮೂಲೆಯಲ್ಲಿ, ಹೆಂಗಸರ ಒಂದು ಗುಂಪು. ಎಲ್ಲ ಚಾದರಗಳೂ ದನಿಯ ಜೊತೆ ಅಲ್ಲಾಡಿದವು. ಒಂದು ಅಲ್ಲಾಡಲಿಲ್ಲ. ಅದರ ಅಂಚಿನಿಂದ ಒಂದು ಕಾಲು ಹೊರಗೆ ಚಾಚಿತ್ತು. ಕಂದು ಚಪ್ಪಲಿ, ಪಟ್ಟಿಗೆ ಬಿಳಿ ದಾರದ ಹೊಲಿಗೆ. ಕಂದು ದಾರ ಸಿಗದೆ ಬಿಳಿ ದಾರದಲ್ಲಿ ಹೊಲಿದವನು ನಾನೇ.

ಜನರನ್ನು ತಳ್ಳಿಕೊಂಡು ಹೋದೆ. ಇಬ್ಬರು ಹೆಂಗಸರು ಅವಳನ್ನು ನೆಲದ ಮೇಲೆ ಮಲಗಿಸಿ ತಲೆಗೆ ಚೀಲ ಕೊಡುತ್ತಿದ್ದರು.

"ಸದ್ದು ಮಾಡಬೇಡಿ ಹಾಜಿ, ಪಾಪ, ಈಗ ನಿದ್ದೆ ಹತ್ತಿದೆ. ಆಗಿಂದ ಸೂಂಯ್ ಸೂಂಯ್ ಅಂತಿದ್ದ ಎದೆ ಈಗ ತಣ್ಣಗಾಗಿದೆ."

"ಮಲಗಿಸಬೇಡಿ! ಎಬ್ಬಿಸಿ, ಕೂರಿಸಿ!"

ಕತ್ತಿನ ಮೇಲಿನ ಚಾದರ ಕಿತ್ತೆಸೆದೆ. ಹೆಂಗಸರು ಕಿರುಚಿದರು. "ನಾಚಿಕೆಗೆಟ್ಟವನೇ, ಪರಹೆಣ್ಣಿನ ಮೈ ಮುಟ್ತೀಯಾ?" ಯಾರೋ ಬೆನ್ನಿಗೆ ಚಪ್ಪಲಿಯಿಂದ ಹೊಡೆದರು. ಗಂಟಲ ಗುಳಿ ಒಂದು ಬೆರಳು ಆಳಕ್ಕೆ ಬಿದ್ದಿತ್ತು, ಅಲ್ಲೇ ನಿಂತಿತ್ತು. ಹಣೆಯಲ್ಲಿ ತಣ್ಣನೆಯ ಬೆವರು. ಮುಷ್ಟಿಯಲ್ಲಿ ನೂರ ಹದಿನೆಂಟು. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದಳು, ಬಹುಶಃ ಗುರುತು ಹತ್ತಲಿಲ್ಲ; ಆ ಮುಷ್ಟಿ ಎತ್ತಿ ಚೀಟಿಯನ್ನು ನನ್ನ ಕಡೆ ಚಾಚಿದಳು. ನನಗೂ ಕೊಡಲು.

ಅವಳನ್ನು ಎದೆಗೆ ಒರಗಿಸಿ ನೆಟ್ಟಗೆ ಎತ್ತಿಕೊಂಡೆ, ಸಿಲಿಂಡರ್ ಎತ್ತುವಂತೆ. ಸಿಲಿಂಡರಿಗಿಂತ ಹಗುರವಾಗಿದ್ದಳು.

ಒಳಗೆ ಡಾಕ್ಟರ್ ಮೊಹೆಬ್ಬಿ ಅವಳ ಎದೆಗೆ ಕೊಳವೆ ಇಟ್ಟು ಕೇಳಿದರು. ಎಡಕ್ಕೆ, ಬಲಕ್ಕೆ, ಬೆನ್ನಿಗೆ. "ಶಬ್ದವೇ ಇಲ್ಲ," ಎಂದರು. ಸೂಂಯ್ ಎನ್ನುವ ಎದೆಯಲ್ಲಿ ಗಾಳಿ ಓಡಾಡುತ್ತಿರುತ್ತದೆ. ಸುಮ್ಮನಾದ ಎದೆಯಲ್ಲಿ ಏನೂ ಓಡಾಡುವುದಿಲ್ಲ. ತೊಡೆಗೆ ಒಂದು ಸೂಜಿ ಚುಚ್ಚಿದರು, ರಕ್ತನಾಳಕ್ಕೆ ಎರಡು. ಬೆರಳಿನ ಯಂತ್ರ ಅರವತ್ತೆರಡು ತೋರಿಸಿತು, ಐವತ್ತೆಂಟು, ಆಮೇಲೆ ಏನೂ ತೋರಿಸಲಿಲ್ಲ. ತಲೆ ಪಕ್ಕಕ್ಕೆ ವಾಲಿತು. ಗಂಟಲಿಗೆ ನಳಿಕೆ ಇಳಿಸಿದರು.

"ಯಂತ್ರಕ್ಕೆ ಹಾಕಿ," ಎಂದರು ಡಾಕ್ಟರು.

ಫರಂಗೀಸ್ ನನ್ನ ಮುಖ ನೋಡಲಿಲ್ಲ. "ಉಸಿರಾಟದ ಯಂತ್ರ ಖಾಲಿಯಿದ್ದದ್ದು ಒಂದೇ ಡಾಕ್ಟರ್. ಈಗ ಆ ಲಾರಿ ಚಾಲಕನಿಗೆ ಹಾಕಿದೆವು. ಇನ್ನೊಂದು ನದಿ ಆಚೆಯಿಂದ ತರಿಸಬೇಕು, ಸೇತುವೆ ಮೇಲೆ ಗಾಡಿಗಳು ನಿಂತುಹೋಗಿವೆ."

ಡಾಕ್ಟರು ರಬ್ಬರಿನ ಚೀಲವನ್ನು ನಳಿಕೆಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು.

"ಅಮೂ, ನನ್ನ ಹತ್ತಿರ ಇನ್ನೊಂದು ಕೈ ಇಲ್ಲ. ನೀವೇ ಒತ್ತಿ. ಕೇಳಿಸ್ಕೊಳ್ಳಿ: ಒಂದು ಸಲ ಒತ್ತಿ, ಬಿಡಿ, ಕಾಯಿರಿ. ಇವರ ಎದೆಗೆ ಗಾಳಿ ಒಳಗೆ ಹೋಗುತ್ತೆ, ಹೊರಗೆ ಬರೋಕೆ ದಾರಿಯಿಲ್ಲ. ಅದು ಪೂರ್ತಿ ಬರೋತನಕ ಮತ್ತೆ ಒತ್ತಬೇಡಿ. ಅವಸರ ಮಾಡಿದರೆ ನಿಮ್ಮ ಕೈಯಿಂದಲೇ ಸಾಯ್ತಾರೆ."

ನನ್ನ ಕೈ ಓಡಬೇಕೆಂದು ಚಡಪಡಿಸುತ್ತಿತ್ತು. ಮುಳುಗುವವರನ್ನು ಎಳೆಯುವಾಗ ಯಾರಾದರೂ ನಿಧಾನವಾಗಿ ಎಳೆಯುತ್ತಾರೆಯೇ? ಮೊದಲ ನಾಲ್ಕೈದು ಸಲ ಬೇಗ ಬೇಗ ಒತ್ತಿಬಿಟ್ಟೆ. ಚೀಲ ಕಲ್ಲಿನಂತೆ ಗಟ್ಟಿಯಾಯಿತು, ಅವಳ ಎದೆ ಉಬ್ಬಿ ಉಬ್ಬಿಯೇ ನಿಂತಿತು. ಫರಂಗೀಸ್ ನನ್ನ ಮಣಿಕಟ್ಟು ಹಿಡಿದು ಚೀಲ ಬಿಡಿಸಿ, ಎರಡು ಅಂಗೈಯಿಂದ ಅವಳ ಪಕ್ಕೆ ಒತ್ತಿದಳು. ಸಿಕ್ಕಿಕೊಂಡಿದ್ದ ಗಾಳಿ ಉದ್ದಕ್ಕೆ ಹೊರಬಂತು.

"ನಿಧಾನ ಅಮೂ. ಎಣಿಸು."

ಎಣಿಸಲು ನನಗೆ ಅಂಕೆ ನಿಲ್ಲಲಿಲ್ಲ. ಒಂದು ಸಲ ಒತ್ತುವುದು, ಮನಸ್ಸಿನಲ್ಲಿ ಎರಡು ಸಲವಾತ್ ಪೂರ್ತಿ ಹೇಳುವುದು, ಆಮೇಲೆ ಮತ್ತೆ ಒತ್ತುವುದು. ಮೊದಲನೆಯದು ಸುಲಭ. ಎರಡನೆಯದರ ಹೊತ್ತಿಗೆ ಅವಳ ಎದೆ ಇಳಿದು ಇಳಿದು, ಹೆಣದ ಎದೆಯಂತೆ ಕಾಣುತ್ತಿತ್ತು. ಆಗಲೂ ಕೊನೆಯ ಅಕ್ಷರದವರೆಗೆ ಕಾಯಬೇಕು. ಹಾಗೆ ಎರಡು ಗಂಟೆ. ನಡುವೆ ಕರೆಂಟು ಒಮ್ಮೆ ಹೋಗಿ ಬಂತು. ಕತ್ತಲಲ್ಲಿ ಕೈ ಮಾತ್ರ ನಡೆಯಿತು. ಎಷ್ಟು ಸಾವಿರ ಸಲವಾತ್ ಆಯಿತೋ ದೇವರಿಗೆ ಗೊತ್ತು. ಅದರಲ್ಲಿ ಒಂದೂ ಭಕ್ತಿಯದಲ್ಲ. ಬಾಯಿ ಪ್ರವಾದಿಯವರದು, ಮನಸ್ಸು ಪೂರ್ತಿ ಬೈಗುಳ. ಇವಳನ್ನು ಬೈದೆ, ಶೌಕತಳನ್ನು ಬೈದೆ. ಬೇರೆಯವರಿಗೆ ಕೊಟ್ಟದ್ದರಲ್ಲಿ ನಮ್ಮ ಪಾಲಿಲ್ಲವೇ, ನನಗೆ ಕೊಡಬೇಕಾದದ್ದನ್ನು ಹಂಚಿಬಿಟ್ಟೆಯಲ್ಲ ಎಂದು ಬೈದೆ. ಕಂಬಕ್ಕೆ ಒರಗಿದ್ದವನನ್ನು ಕಂಡ ನನ್ನ ಕಣ್ಣನ್ನೂ ಬೈದೆ.

ಏಳೂವರೆಗೆ ಚೀಲ ಕೈಯಲ್ಲಿ ಸ್ವಲ್ಪ ಮೆತ್ತಗಾಯಿತು. ಮೊದಲು ನನಗೆ ಸೋತ ಕೈಯ ಭ್ರಮೆ ಎನಿಸಿತು. ಮತ್ತೆ ಒತ್ತಿದೆ, ಮೆತ್ತಗೇ ಇತ್ತು. ಡಾಕ್ಟರು ಬಂದು ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಸೂಂಯ್ ಅಂತಿದೆ," ಎಂದರು.

ಆ ಕೆಟ್ಟ ಶಬ್ದವನ್ನು ಮೂವತ್ತು ವರ್ಷ ಮಗ್ಗುಲಲ್ಲಿ ಮಲಗಿ ಶಪಿಸಿದವನು ನಾನು. ಕೊಳವೆಯನ್ನು ನನ್ನ ಕಿವಿಗೂ ಇಟ್ಟರು.

ನದಿಯಾಚೆಯ ಯಂತ್ರ ಬಂದಾಗ ಬೆರಳುಗಳನ್ನು ಚೀಲದಿಂದ ಬಿಡಿಸಲು ಫರಂಗೀಸ್ ಬೇಕಾಯಿತು.

ನಾಲ್ಕನೆಯ ದಿನ ಗಂಟಲಿನ ನಳಿಕೆ ತೆಗೆದರು. ದನಿ ಒಡೆದ ಮಡಕೆಯಂತಾಗಿತ್ತು. ಇವತ್ತಿಗೂ ಹಾಗೇ ಇದೆ. ಮೊದಲು ಕೇಳಿದ್ದು, "ಆ ಮಗು?"

"ಬದುಕಿದೆ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಲ್ಲ ಅಂದರು ಡಾಕ್ಟರು. ಅವರಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ."

ಕಣ್ಣು ಮುಚ್ಚಿ ತಲೆಯಾಡಿಸಿದಳು. ಲಾರಿ ಚಾಲಕನೂ ಬದುಕಿದ್ದ, ಅದನ್ನೂ ಹೇಳಿದೆ. ನಾನು ಕುರ್ಚಿಯ ಮೇಲೆ ತಡೆದು ನಿಂತದ್ದನ್ನು ಹೇಳಲಿಲ್ಲ.

"ಮತ್ತೆ... ಮೊದಲನೆಯವಳು? ತುಂಬ ಒದ್ದಾಡ್ತಿದ್ದಳು ಪಾಪ."

ಅದನ್ನು ನಾನು ಆಗಲೇ ಡಾಕ್ಟರ ಹತ್ತಿರ ಕೇಳಿದ್ದೆ. ಭಯ ಅಷ್ಟೆ, ಎದೆ ಚೆನ್ನಾಗಿಯೇ ಇತ್ತು, ರಾತ್ರಿಯೇ ಮನೆಗೆ ಕಳಿಸಿದೆವು ಎಂದಿದ್ದರು.

"ಅವಳೂ ಉಳಿದಳು," ಎಂದೆ. "ನಿನ್ನಿಂದ."

ಮರುದಿನ ಶೌಕತ್ ಬಂದಳು. ಕೈಯಲ್ಲಿ ಘಲಿಯೆ ಎಂಬ ಮೀನಿನ ಸಾರಿನ ಪಾತ್ರೆ, ಹಿಂದೆ ತಲೆ ಬಾಚಿಕೊಂಡ ಸೊಸೆ. ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಬಂದಿದ್ದಳು.

"ಲಿಫ್ಟು ಕೆಟ್ಟಿದೆ ನೋಡಿ, ಹತ್ತಿಬಿಟ್ಟೆ, ನಿಮ್ಮ ಋಣ ನನ್ನ ಮೇಲಿದೆ ಖಾನಂ, ಹುಣಸೆ ನಾನೇ ಕಿವುಚಿದ್ದು, ಇವಳ ಕೈಗೆ ಕೊಟ್ಟರೆ ಉಪ್ಪು ಜಾಸ್ತಿ ಮಾಡ್ತಾಳೆ, ಆ ದಿನ ನೀವು ಕೊಡದೇ ಹೋಗಿದ್ದರೆ ನಾನೆಲ್ಲಿರ್ತಿದ್ದೆ, ಡಾಕ್ಟರು ಏನೂ ಇಲ್ಲ ಹೋಗಮ್ಮ ಅಂದರು, ಅವರಿಗೇನು ಗೊತ್ತು ನನ್ನ ಸಂಕಟ..."

ಮೂರು ಮಹಡಿ ಹತ್ತಿದವಳು ಒಂದೇ ಉಸಿರಿನಲ್ಲಿ ಅಷ್ಟನ್ನೂ ಹೇಳಿದಳು. ಖಾವರ್ ಅವಳ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದಳು. ಮೂವತ್ತು ವರ್ಷ ಉಬ್ಬಸದ ಜೊತೆ ಬಾಳಿದವಳಿಗೆ ಯಾರ ಎದೆಯಲ್ಲಿ ಎಷ್ಟು ಗಾಳಿಯಿದೆ ಎಂದು ಹೇಳಿಕೊಡಬೇಕೆ? ನಾನು ಕಿಟಕಿಯ ಕಡೆ ನೋಡಿದೆ. ನನ್ನ ಎರಡು ಗಂಟೆ ನೆನಪಾಗಿ ಬೆರಳು ಮತ್ತೆ ಮಡಚಿಕೊಂಡವು.

ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ನಾನು ಕೂತದ್ದು. ಖಾವರ್ ಹೊದಿಕೆಯ ಕೆಳಗಿಂದ ಕೈ ತೆಗೆದು, ನನಗೆ ಏಳು ಎಂದು ಸನ್ನೆ ಮಾಡಿದಳು. ಒಡೆದ ದನಿಯಲ್ಲಿ, ಒಂದೊಂದು ಮಾತಿಗೂ ನಿಂತು ನಿಂತು, ಶೌಕತಳಿಗೆ ಹೇಳಿದಳು:

"ಮೆಟ್ಟಿಲು... ಹತ್ತಿ ಬಂದಿದೀರಿ. ದಣಿದಿದೀರಿ. ಮೊದಲು ನೀವು... ಕೂತ್ಕೊಳ್ಳಿ."

ಶೌಕತ್ ಬೇಡ ಬೇಡ ಎಂದಳು, ಮೂರು ಸಲ. ನಾನು ಎದ್ದು ನಿಂತೆ.